ಶನಿವಾರದ ಹಿಮ

ಮನೆ ಮಾರಾಟಕ್ಕಿಟ್ಟ ಮೇಲೆ ಏಜೆಂಟ್ ಒಂದು ಸಂಜೆ ಬಂದು ಊಟದ ಮೇಜಿನ ಮೇಲೆ ಸರ್ವೆ ನಕ್ಷೆ ಹಾಸಿದ. 1988ರಲ್ಲಿ ಈ ಮನೆ ಕೊಂಡಾಗ ಕೊಟ್ಟಿದ್ದ ನಕ್ಷೆ. ನಮ್ಮವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಲಗ್ನಪತ್ರಿಕೆಯೂ ಮಗನ ಜಾತಕವೂ ಇದ್ದ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದ್ದರು. ನಾನು ಅದನ್ನು ಬಿಡಿಸಿ ನೋಡಿದ್ದು ಇದೇ ಮೊದಲು. ಅಗಲ 30 ಅಡಿ, ಉದ್ದ 125 ಅಡಿ. ಏಜೆಂಟ್ ಪೆನ್ನಿನ ತುದಿಯಿಂದ ಮುಂಭಾಗದ ಗೆರೆ ತೋರಿಸಿದ. ಫುಟ್‌ಪಾತಿಗೆ ಇನ್ನೂ ಒಂದು ಅಡಿ ಇರುವಾಗಲೇ ನಮ್ಮ ಜಾಗ ಮುಗಿದುಹೋಗಿತ್ತು.

“ಹಾಗಾದರೆ ಫುಟ್‌ಪಾತ್ ಯಾರದು?” ಅಂದೆ.

“ಸಿಟಿಯದು.”

“ಅದರ ಮೇಲಿನ ಹಿಮ?”

“ಅದು ಮಾತ್ರ ನಿಮ್ಮದು” ಅಂದು ನಕ್ಕ.

ಮೂವತ್ತೇಳು ಚಳಿಗಾಲ ನಾವು ತೆಗೆದದ್ದು ಇಂಥ ಹಿಮವನ್ನು. ಮೊದಲ ಮೂವತ್ತೆರಡು ನಮ್ಮವರು, ಅವರು ಹೋದ ಮೇಲೆ ಐದು ನಾನು. ನೆಲ ನಮ್ಮದಲ್ಲ, ನೆಲದ ಮೇಲೆ ಆಕಾಶದಿಂದ ಬಿದ್ದದ್ದು ನಮ್ಮದು. ವೇದಾಂತ ಓದಿಕೊಂಡ ಅಜ್ಜನ ಮನೆಯಲ್ಲಿ ಬೆಳೆದವಳಾದರೂ ಇಷ್ಟು ತಲೆ ತಿರುಗಿಸುವ ಸೂತ್ರವನ್ನು ನಾನು ಕೇಳಿರಲಿಲ್ಲ.

ಷಿಕಾಗೊ ನಗರದ ನಿಯಮ ಈ ವಿಷಯದಲ್ಲಿ ಪಂಚಾಂಗದಷ್ಟು ಖಚಿತ. ಬೆಳಗ್ಗೆ 7ರಿಂದ ಸಂಜೆ 7ರ ನಡುವೆ ಬಿದ್ದ ಹಿಮವನ್ನು ರಾತ್ರಿ 10ರೊಳಗೆ ತೆಗೆಯಬೇಕು. ರಾತ್ರಿ ಬಿದ್ದದ್ದನ್ನು ಬೆಳಗ್ಗೆ 10ರೊಳಗೆ. ದಾರಿ ಕನಿಷ್ಠ 5 ಅಡಿ ಅಗಲ ಇರಬೇಕು. ತೆಗೆದದ್ದನ್ನು ಬೀದಿಗೆ ತಳ್ಳಬಾರದು. ವಾರದ ಏಳೂ ದಿನ ಈ ನಿಯಮ ಅನ್ವಯ. ತಪ್ಪಿದರೆ ದಿನಕ್ಕೆ 50ರಿಂದ 500 ಡಾಲರ್ ದಂಡ. ದಂಡ ಕಟ್ಟಿದ ಪುಣ್ಯಾತ್ಮರನ್ನು ನಾನಂತೂ ಕಂಡಿಲ್ಲ, ಅದು ಬೇರೆ ಮಾತು.

ಬಾಯಲ್ಲಿ ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಅರ್ಧ ಅಡಿ ಹಿಮ ಬಿತ್ತು ಅನ್ನಿ. 30 ಅಡಿ ಉದ್ದ, 5 ಅಡಿ ಅಗಲ, ಅರ್ಧ ಅಡಿ ಎತ್ತರ, ಒಟ್ಟು 75 ಘನ ಅಡಿ. ಅರಳೆಯಂಥ ಒಣ ಹಿಮವಾದರೂ ಸುಮಾರು ಎರಡು ಕ್ವಿಂಟಲ್ ತೂಗುತ್ತದೆ. ಒದ್ದೆ ಹಿಮವಾದರೆ ಅದರ ಎರಡು ಮೂರು ಪಟ್ಟು. ಸಾಗರದ ಕಡೆಯವಳಾದ ನನಗೆ ಕ್ವಿಂಟಲ್ ಅಂದರೆ ಅಡಿಕೆ. ಎರಡು ಕ್ವಿಂಟಲ್ ಅಡಿಕೆಯನ್ನು ಒಬ್ಬಳೇ ನಿಂತು ಸಲಿಕೆಯಲ್ಲಿ ಮೊಗೆಮೊಗೆದು ಪಕ್ಕಕ್ಕೆ ಎಸೆದ ಹಾಗೆ. ಅಡಿಕೆಯಾದರೆ ಮಂಡಿಯಲ್ಲಿ ದುಡ್ಡಾದರೂ ಹುಟ್ಟುತ್ತದೆ. ಇಲ್ಲಿ ತೆಗೆದು ಬೆನ್ನು ನೇರ ಮಾಡುವಷ್ಟರಲ್ಲಿ ಸಿಟಿಯ ನೇಗಿಲುಗಾಡಿ ಬೀದಿ ಸ್ವಚ್ಛ ಮಾಡಿಕೊಂಡು ಬರುತ್ತದೆ. ಬೀದಿಯ ಹಿಮವನ್ನೆಲ್ಲ ಬಾಚಿ ಮೂಲೆಯ ಇಳಿಜಾರಿನ ಬಾಯಿಗೆ ಒಟ್ಟಿ ಹೋಗುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅನ್ನುವ ಮಾತಿಗೆ ಷಿಕಾಗೊದಲ್ಲಿ ಅರ್ಥ ಕಂಡುಕೊಂಡೆ.

ನಮ್ಮವರು ಎಂಜಿನಿಯರ್. ಫುಟ್‌ಪಾತಿನ ಕಾಂಕ್ರೀಟ್ ಚಪ್ಪಡಿಗಳ ನಡುವೆ ಸಂದುಗಳಿರುತ್ತವಲ್ಲ, ಅವುಗಳಲ್ಲಿ ಒಂದು ನಮ್ಮ ಬೇಲಿಗೆ ಸರಿ ನೇರಕ್ಕೆ ಬರುತ್ತದೆ. ಅವರ ಸಲಿಕೆ ಅಲ್ಲಿಗೆ ನಿಲ್ಲುತ್ತಿತ್ತು. ಮೈಸೂರುಪಾಕನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಅಲ್ಲೊಂದು ಬಿಳಿ ಗೋಡೆ ನಿಲ್ಲುತ್ತಿತ್ತು, ಆಚೆ ಪಕ್ಕದವರ ಹಿಮ. “ಅವರವರ ಪಾಲು ಅವರವರು ಮಾಡಿದರೆ ಊರು ತಾನಾಗಿ ಚೊಕ್ಕ ಇರ್ತು. ಇನ್ನೊಬ್ಬರ ಧರ್ಮಕ್ಕೆ ಕೈ ಹಾಕಬೇಡ ಅಂತ ಕೃಷ್ಣನೇ ಹೇಳಿದ್ದನಲ್ಲೇ” ಎಂದು ಚೇಷ್ಟೆ ಮಾಡುತ್ತಿದ್ದರು. ಚೇಷ್ಟೆ ಅಂದೆನೇ ಹೊರತು ಅವರದು ಅರ್ಧ ನಂಬಿಕೆಯೇ. ಜೀವನದುದ್ದಕ್ಕೂ ಒಬ್ಬರ ಹಂಗಿಗೆ ಬೀಳದೆ, ಒಬ್ಬರನ್ನೂ ಹಂಗಿಗೆ ಕೆಡವದೆ ಬದುಕಿದ ಮನುಷ್ಯ.

ಪಕ್ಕದ ಮನೆಯವರು ಯೆಹೂದಿ, ಕಟ್ಟಾ ಸಂಪ್ರದಾಯದವರು, ನಿವೃತ್ತ ಮೇಷ್ಟರು. ನಮ್ಮ ಬಡಾವಣೆಯೇ ಹಾಗೆ. ಎರಡು ಹೆಜ್ಜೆ ಹಾಕಿದರೆ ಡೆವಾನ್ ಬೀದಿ. ಅದರ ಒಂದು ತುಂಡಿಗೆ ಗಾಂಧಿ ಮಾರ್ಗ ಅಂತ ಗೌರವದ ಹೆಸರು, ಇನ್ನೊಂದಕ್ಕೆ ಜಿನ್ನಾ ಅವರದು, ಮತ್ತೊಂದಕ್ಕೆ ಗೋಲ್ಡಾ ಮೇಯರ್ ಅವರದು. ಬೋರ್ಡುಗಳು ಜಗಳವಾಡದೆ ಒಂದೇ ಹಿಮದಲ್ಲಿ ನೆನೆಯುತ್ತವೆ. ಶುಕ್ರವಾರ ಸೂರ್ಯ ಮುಳುಗಿದ್ದೇ ಪಕ್ಕದ ಮನೆಯಲ್ಲಿ ಸಬ್ಬತ್ ಶುರು. ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ 39 ಬಗೆಯ ಕೆಲಸಗಳನ್ನು ಮಾಡುವಂತಿಲ್ಲ. ಕಾರು ಮುಟ್ಟುವಂತಿಲ್ಲ, ಆದ್ದರಿಂದ ದೇವಾಲಯಕ್ಕೆ ನಡೆದೇ ಹೋಗುತ್ತಾರೆ. ಹೀಗಾಗಿ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ಜನ ನಡೆದಾಡುವ ದಿನ ಶನಿವಾರ. ಅತಿ ಹೆಚ್ಚು ಹಿಮ ಬಿದ್ದಲ್ಲೇ ಬಿದ್ದಿರುವ ದಿನವೂ ಅದೇ. ಹಿಮ ತೆಗೆಯುವುದು ನಿಷಿದ್ಧ ಕೆಲಸವೋ ಅಲ್ಲವೋ ಎಂಬುದರಲ್ಲಿ ಅವರ ಪಂಡಿತರಲ್ಲೇ ಭಿನ್ನಮತವಿದೆ. ಜನ ಬಿದ್ದು ಪೆಟ್ಟಾಗುವ ಹಾಗಿದ್ದರೆ ತೆಗೆಯಬಹುದು ಅನ್ನುವವರೂ ಇದ್ದಾರೆ. ಮೇಷ್ಟರು ಕಟ್ಟುನಿಟ್ಟಿನ ಕಡೆಯವರು.

“ಅವರದ್ದೂ ಒಂದಿಷ್ಟು ತೆಗೆದುಬಿಡಬಾರದಾ?” ಅಂತ ನಮ್ಮವರಿಗೆ ಒಮ್ಮೆ ಕೇಳಿದ್ದೆ. “ಅವರು ಕೇಳಲಿಲ್ಲವಲ್ಲ” ಅಂದಿದ್ದರು. ಆ ಉತ್ತರ ನನಗೆ ಸರಿಯಾಗಿಯೇ ಕಂಡಿತ್ತು.

ನಮ್ಮವರು ತೀರಿಕೊಂಡ ಮೇಲಿನ ಮೊದಲ ಚಳಿಗಾಲ. ಶನಿವಾರ ಬೆಳಗ್ಗೆ ಎದ್ದರೆ ಮೊಣಕಾಲಿನ ತನಕ ಹಿಮ. ಮೊದಲ ಸಲ ಸಲಿಕೆ ಹಿಡಿದಿದ್ದೆ. ಮೂಗಿನ ನೀರು ತುಟಿಗೆ ಬರುವಷ್ಟರಲ್ಲಿ ಗಟ್ಟಿಯಾಗುವಂಥ ಚಳಿ. ತಲೆ ಬಗ್ಗಿಸಿ ತಳ್ಳುತ್ತಾ, ಎಸೆಯುತ್ತಾ, ತಳ್ಳುತ್ತಾ ಹೋದೆ. ನಮ್ಮವರ ಆ ಸಂದು ಎಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೂ ಹಿಮದಡಿ ಕಾಣುವಂತಿರಲಿಲ್ಲ. ತಲೆ ಎತ್ತಿದಾಗ ಮೇಷ್ಟರ ಮೆಟ್ಟಿಲೂ ದಾಟಿ ಮುಂದೆ ಹೋಗಿದ್ದೆ. ಅವರು ಕಿಟಕಿಯಲ್ಲಿ ನಿಂತಿದ್ದರು. ಕೈ ಎತ್ತಲಿಲ್ಲ, ನಗಲಿಲ್ಲ. ಕೃತಜ್ಞತೆ ಇಲ್ಲದ ಮನುಷ್ಯ ಎಂದುಕೊಂಡು ಒಳಗೆ ಬಂದು ಕಾಫಿ ಮಾಡಿಕೊಂಡೆ.

ಭಾನುವಾರ ಬಾಗಿಲು ತಟ್ಟಿದರು. ಟೋಪಿ ತೆಗೆಯದೆ ಹೊಸ್ತಿಲಾಚೆಯೇ ನಿಂತು ಹೇಳಿದರು: “ತಪ್ಪು ತಿಳಿಯಬೇಡಿ, ಒಂದು ಪ್ರಶ್ನೆ ಕೇಳಬೇಕು. ನಿನ್ನೆ ನೀವು ಅದನ್ನು ಯಾರಿಗಾಗಿ ಮಾಡಿದಿರಿ?”

ನಾನು ಕಕ್ಕಾಬಿಕ್ಕಿಯಾದೆ. ಅವರೇ ವಿವರಿಸಿದರು. ಸಬ್ಬತ್ತಿನ ದಿನ ಅವರು ಮಾಡಬಾರದ ಕೆಲಸವನ್ನು ಬೇರೆ ಧರ್ಮದವರಿಗೆ ಹೇಳಿ ಮಾಡಿಸುವುದೂ ಸಲ್ಲದು. ಕೇಳದೆಯೇ ಒಬ್ಬರು ಬಂದು ಅವರಿಗೋಸ್ಕರ ಮಾಡಿಕೊಟ್ಟರೆ ಅದರ ಪ್ರಯೋಜನ ಪಡೆಯುವುದೂ ಸರಿಯಲ್ಲ. ಆದರೆ ಆ ವ್ಯಕ್ತಿ ತನಗಾಗಿಯೋ ಬೇರೆ ಯಾರಿಗಾಗಿಯೋ ಮಾಡಿಕೊಂಡದ್ದಾದರೆ ಅಡ್ಡಿಯಿಲ್ಲ. “ನೀವು ನನಗಾಗಿ ಮಾಡಿದ್ದರೆ ಮುಂದಿನ ಶನಿವಾರ ನಾನು ಬೀದಿಗಿಳಿದು ನಡೆಯಬೇಕಾದೀತು” ಅಂದರು. ಅರ್ಧ ತಮಾಷೆ, ಇನ್ನರ್ಧ ಅಲ್ಲ.

ಮಡಿಯ ಮನೆಯಲ್ಲಿ ಬೆಳೆದ ನನಗೆ ಇದು ಅರ್ಥವಾಗದ್ದೇನಲ್ಲ. “ನಿಮಗಾಗಿ ಅಲ್ಲ” ಅಂದೆ. “ನನಗೆ ಗೆರೆ ಕಾಣಲಿಲ್ಲ.”

ಅವರು ಸ್ವಲ್ಪ ಹೊತ್ತು ಯೋಚಿಸಿ ನಕ್ಕರು. “ಒಳ್ಳೆಯದು. ಗೆರೆ ಕಾಣದೇ ಇರಲಿ.”

ಐದು ವರ್ಷದಿಂದ ನನಗೆ ಗೆರೆ ಕಂಡಿಲ್ಲ. ಹಿಮ ಬಿದ್ದ ಶನಿವಾರಗಳಲ್ಲಿ ನನ್ನ ಸಲಿಕೆ ತಪ್ಪದೆ ದಾರಿ ತಪ್ಪಿದೆ. ಕೃತಜ್ಞತೆಯ ಮಾತು ಈ ಕಡೆಯಿಂದಲೂ ಇಲ್ಲ, ಆ ಕಡೆಯಿಂದಲೂ ಇಲ್ಲ. ಫಲದ ಆಸೆ ಬಿಟ್ಟು ಕರ್ಮ ಮಾಡಬೇಕು ಎನ್ನುವುದನ್ನು ಅಜ್ಜ ಚಾತುರ್ಮಾಸ್ಯದಲ್ಲಿ ಪ್ರವಚನ ಮಾಡಿ ಮಾಡಿ ಸಾಕಾಗಿದ್ದ. ಅದನ್ನು ಇಷ್ಟು ಕಟ್ಟುನಿಟ್ಟಾಗಿ ನನ್ನ ಕೈಲಿ ಮಾಡಿಸಿದವರು ಒಬ್ಬ ಯೆಹೂದಿ ಮೇಷ್ಟರು, ಅದೂ ತಮ್ಮ ಶಾಸ್ತ್ರದ ಬಲದಿಂದ. ಅವರಿಗಾಗಿ ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಕೆಲಸ ಕೆಟ್ಟಿತು.

ಫಲದ ಆಸೆ ಇಲ್ಲಿ ಎಂಥದು ಅಂತ ನೋಡಬೇಕಾದರೆ ಫುಟ್‌ಪಾತ್ ಬಿಟ್ಟು ಎರಡು ಅಡಿ ಆಚೆ ಬೀದಿಯಂಚು ನೋಡಬೇಕು. ಹಿಮದಲ್ಲಿ ಹೂತ ಕಾರನ್ನು ಬಗೆದು ತೆಗೆದವರು ಖಾಲಿಯಾದ ಜಾಗದಲ್ಲಿ ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ಇಸ್ತ್ರಿ ಹಲಗೆ, ಮುರಿದ ಏಣಿ, ಒಮ್ಮೆ ಮೇರಿ ಮಾತೆಯ ಪ್ಲಾಸ್ಟಿಕ್ ವಿಗ್ರಹ. ಇದಕ್ಕೆ ಇಲ್ಲಿ ‘ಡಿಬ್ಸ್’ ಅನ್ನುತ್ತಾರೆ. ಬೀದಿ ಸಾರ್ವಜನಿಕರದ್ದು, ಆದರೆ ಬೆವರು ನನ್ನದು, ಆದ್ದರಿಂದ ಜಾಗ ನನ್ನದು ಎಂಬ ತರ್ಕ. ಕಾನೂನು ಒಪ್ಪುವುದಿಲ್ಲ, ಊರು ಒಪ್ಪಿದೆ. ಕುರ್ಚಿ ಸರಿಸಿ ಕಾರು ನಿಲ್ಲಿಸಿದವನ ಟೈರಿನಲ್ಲಿ ಸಂಜೆಗೆ ಗಾಳಿ ಇರುವುದಿಲ್ಲ. ಆದರೆ ತಾನು ತೆಗೆದ ಫುಟ್‌ಪಾತಿನ ಮೇಲೆ ಕುರ್ಚಿ ಇಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಬೆವರು ಅದೇ, ಸಲಿಕೆ ಅದೇ, ಮನುಷ್ಯನೂ ಅವನೇ. ಆದರೆ ಫುಟ್‌ಪಾತಿನಲ್ಲಿ ತೆಗೆದ ಕ್ಷಣವೇ ಅದು ಕೈಬಿಟ್ಟು ಹೋಗುತ್ತದೆ. ಮೊದಲು ತುಳಿಯುವುದು ಬಹುಶಃ ಒಂದು ನಾಯಿ.

ಈ ಕೆಲಸ ಯಾರದು ಎಂಬ ಪ್ರಶ್ನೆಗೆ ನಮ್ಮ ಊರಿನಲ್ಲಿ ಒಂದು ಸಿದ್ಧ ಉತ್ತರ ಇತ್ತು. ನಮ್ಮವರು ಸಲಿಕೆ ಹಿಡಿದು ಬೀದಿ ಬದಿಯಲ್ಲಿ ನಿಂತ ಫೋಟೊ ಒಂದನ್ನು 1989ರಲ್ಲಿ ಊರಿಗೆ ಕಳಿಸಿದ್ದೆ. ಹಿಮ ನೋಡಿ ಖುಷಿಪಡಲಿ ಅಂತ. ಅತ್ತೆ ಹಿಮ ನೋಡಲಿಲ್ಲ, ಸಲಿಕೆ ನೋಡಿದರು. ಮುಂದಿನ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಲ್ಲಿ ಅದಕ್ಕೆಲ್ಲ ಜನ ಇಲ್ಯಾ?”

ಆ ‘ಜನ’ ಎಂಬ ಪದದಲ್ಲಿ ಎಲ್ಲ ಇದೆ. ಮಲೆನಾಡಿನ ನಮ್ಮ ಮನೆಯ ಅಂಗಳ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಇಡುವುದು ಮನೆಯ ಹೆಂಗಸರ ಕೆಲಸ. ಉಣುಗೋಲು ದಾಟಿದರೆ ಆಚೆಗಿರುವುದು ನಮ್ಮದಲ್ಲ. ಬೆಂಗಳೂರಿನಲ್ಲಿ ಅಕ್ಕನ ಮನೆಯ ರಂಗೋಲಿ ಗೇಟು ದಾಟಿ ರಸ್ತೆಯ ಮೇಲೂ ಹರಡಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ರಸ್ತೆ ನಮ್ಮದೇ. ಆದರೆ ಆ ರಸ್ತೆಯ ಕಸ ತೆಗೆಯಲು ಬೆಳಗ್ಗೆ ಬರುವ ಪೌರಕಾರ್ಮಿಕ ಹೆಂಗಸಿಗೆ ಕಾಫಿ ಕೊಡುವ ಲೋಟ ಕಾಂಪೌಂಡ್ ಗೋಡೆಯ ಮೇಲೆ ಬೇರೆಯಾಗಿ ಕೂತಿರುತ್ತದೆ. ರಂಗೋಲಿಯ ಪುಣ್ಯ ಅಕ್ಕನದು, ಕಸದ ಕರ್ಮ ಆಕೆಯದು. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದರು, 1970ರ ದಶಕದಲ್ಲಿ. ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ಒಳ್ಳೆಯ ಸುದ್ದಿ ಎಂದೇ ಓದಿದ್ದರು. ಓದಿ, ಪೇಪರು ಮಡಚಿಟ್ಟು, ಊಟಕ್ಕೆ ಎದ್ದಿದ್ದರು.

ಯಾರು ಜವಾಬ್ದಾರರು ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಕೇಳುತ್ತಿರುವುದು ಯಾರಿದ್ದಾರೆ ಎಂದು. ನಮ್ಮವರಿಗೆ ಈ ದೇಶ ಕಲಿಸಿದ ಒಂದೇ ಒಂದು ಧರ್ಮಪಾಠ ಇದೆಂದು ನನ್ನ ಎಣಿಕೆ: ಇಲ್ಲಿ ‘ಜನ’ ಇಲ್ಲ. ಕೋಟು ಹಾಕಿದ ಡಾಕ್ಟರೂ ಬೆಳಗ್ಗೆ ಎದ್ದು ಸಾರ್ವಜನಿಕ ಬೀದಿಯಂಚು ಕೆರೆಯುತ್ತಾನೆ. ದುಡ್ಡಿದ್ದವರು ಯಂತ್ರದವರನ್ನು ಕರೆಸುತ್ತಾರೆ ಎನ್ನುವುದೂ ನಿಜ. ಆ ಯಂತ್ರ ನೂಕುವವನು ಯಾವ ದೇಶದಿಂದ ಬಂದವನು ಎಂದು ನೋಡಿದರೆ ನನ್ನ ಈ ಪಾಠ ಅಷ್ಟು ಗಟ್ಟಿ ನಿಲ್ಲುವುದಿಲ್ಲ.

ಪಾಲು ಪಾಲಾಗಿ ಹಂಚಿದ ಧರ್ಮ ಎಲ್ಲಿ ಮುಗ್ಗರಿಸುತ್ತದೆ ಎನ್ನುವುದಕ್ಕೂ ನಾನು ಊರಿಗೇ ಹೋಗಬೇಕು. ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಕಾಲುಸಂಕ ಹಾಕುತ್ತಿದ್ದರು. ಮೂರು ಅಡಿಕೆ ಮರದ ಕಾಂಡ ಜೋಡಿಸಿ, ಬಳ್ಳಿಯಲ್ಲಿ ಬಿಗಿದು, ಕೈಗೆ ಆಸರೆಯಾಗಿ ಒಂದು ಬಿದಿರ ಗಳ. ಹಾಕುತ್ತಿದ್ದರು ಅಂದೆ; ಮರ ಅಪ್ಪಯ್ಯನದು, ಹಳ್ಳಕ್ಕೆ ಇಳಿದವರು ಆಳುಗಳು, ಅಪ್ಪಯ್ಯ ದಡದಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದ. ಹಳ್ಳದಾಚೆ ಎರಡು ಮನೆ, ಈಚೆ ಮೂರು. ಈ ವರ್ಷ ಮರ ಯಾರ ತೋಟದ್ದು ಎಂದು ಪ್ರತಿ ಸಲವೂ ಕೊಸರಾಟ. ಒಂದು ವರ್ಷ ಜಗಳ ಜೋರಾಗಿ ಮಾತು ಬಿಟ್ಟದ್ದೂ ಉಂಟು. ಆದರೆ ಎಷ್ಟೇ ಜಗಳವಾದರೂ ಅರ್ಧ ಸಂಕ ಹಾಕಿ ನನ್ನ ಪಾಲು ಮುಗಿಯಿತು ಅಂದವರಿಲ್ಲ. ಹೊಳೆಯ ನಡುವಿನ ತನಕ ಬಂದು ನಿಂತ ಸಂಕವನ್ನು ಸಂಕ ಅನ್ನುವುದಿಲ್ಲ.

ನಮ್ಮ ಬೀದಿಯಲ್ಲಿ ಅಂಥ ಅರ್ಧ ಸಂಕವಿದೆ. ನಮ್ಮಿಂದ ನಾಲ್ಕು ಮನೆ ಆಚೆ ಒಂದು ಬಾಡಿಗೆ ಕಟ್ಟಡ. ಮಾಲೀಕ ಯಾರೋ, ಎಲ್ಲಿಯೋ. ಅದರ ಮುಂದೆ ಡಿಸೆಂಬರಿನಲ್ಲಿ ಬಿದ್ದದ್ದು ಮಾರ್ಚಿ ತನಕ ಕದಲುವುದಿಲ್ಲ. ತುಳಿದು ತುಳಿದು ಗಾಜಿನ ಹಾಗೆ ಮೆರುಗು ಬರುತ್ತದೆ. ನಮ್ಮ ಬೀದಿಯಲ್ಲೇ ಗಾಲಿಕುರ್ಚಿಯ ಒಬ್ಬ ಹುಡುಗ ಇದ್ದಾನೆ, ಬಸ್ ನಿಲ್ದಾಣಕ್ಕೆ ಹೋಗಿ ಕಾಲೇಜಿಗೆ ಹೋಗಬೇಕು. ಆ ಕಟ್ಟಡದ ತನಕ ಬರುತ್ತಾನೆ, ನಿಲ್ಲುತ್ತಾನೆ, ಹಿಂದಿರುಗಿ ಯಾರದೋ ಗ್ಯಾರೇಜಿನ ಇಳಿಜಾರಿನಲ್ಲಿ ಬೀದಿಗಿಳಿದು ಕಾರುಗಳ ಜೊತೆ ಹೋಗುತ್ತಾನೆ. ಬೀದಿಯ ಹದಿನೆಂಟು ಮನೆಯವರು ತಂತಮ್ಮ ಧರ್ಮವನ್ನು ಗೆರೆ ಕೊಯ್ದ ಹಾಗೆ ಪಾಲಿಸಿದರೂ ಹತ್ತೊಂಬತ್ತನೆಯದರ ಮುಂದೆ ಆ ಹುಡುಗನಿಗೆ ದಾರಿಯಿಲ್ಲ. ಅವನ ಮಟ್ಟಿಗೆ ನಮ್ಮ ಹದಿನೆಂಟು ಪುಣ್ಯಗಳ ಮೊತ್ತ ಸೊನ್ನೆ.

ಅದೇ ಹೊತ್ತಿಗೆ ಫುಟ್‌ಪಾತಿನ ಪಕ್ಕದಲ್ಲೇ ಕಾರು ಓಡುವ ಬೀದಿ ಕನ್ನಡಿಯ ಹಾಗೆ. ಅದಕ್ಕೆ ಸಿಟಿಯ ನೇಗಿಲುಗಾಡಿ, ಸಿಟಿಯ ಉಪ್ಪು, ಸಿಟಿಯ ಸಂಬಳ. ಈ ಊರಿನಲ್ಲಿ ಬೀದಿಯ ಹಿಮ ಆಟದ ಮಾತಲ್ಲ. 1979ರ ಜನವರಿಯಲ್ಲಿ ಭಾರಿ ಹಿಮ ಬಿದ್ದು ಊರು ವಾರಗಟ್ಟಲೆ ಹದಕ್ಕೆ ಬರಲಿಲ್ಲ. ಫೆಬ್ರವರಿಯ ಪಕ್ಷದ ಚುನಾವಣೆಯಲ್ಲಿ ಮೇಯರ್ ಬಿಲಾಂಡಿಕ್ ಸೋತು, ಜೇನ್ ಬರ್ನ್ ಗೆದ್ದು ಈ ಊರಿನ ಮೊದಲ ಮಹಿಳಾ ಮೇಯರ್ ಆದರು. ಅಂದಿನಿಂದ ಯಾವ ಮೇಯರೂ ಬೀದಿಯ ಹಿಮವನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಫುಟ್‌ಪಾತಿನ ಹಿಮಕ್ಕೆ ಯಾರ ಕುರ್ಚಿಯೂ ಹೋಗಿಲ್ಲ. ಕಾರಿಗೆ ಕಂದಾಯದ ಹಣ, ಕಾಲಿಗೆ ಕಂಡವರ ದಯೆ.

ಬೇರೆ ಊರುಗಳು ಬೇರೆ ದಾರಿ ಹಿಡಿದಿವೆ. ಮಾಂಟ್ರಿಯಲ್‌ನಲ್ಲಿ ಫುಟ್‌ಪಾತಿನ ಅಗಲಕ್ಕೇ ಹೇಳಿ ಮಾಡಿಸಿದ ಪುಟ್ಟ ಯಂತ್ರಗಳು ಓಡಾಡುತ್ತವೆ, ಸಿಟಿಯವೇ. ಸ್ವೀಡನ್ನಿನ ಕಾರ್ಲ್ಸ್‌ಕೂಗ ಎಂಬ ಊರಿನವರು ಸುಮ್ಮನೆ ಕೂತು ಲೆಕ್ಕ ಹಾಕಿ ನೋಡಿದರಂತೆ. ಮೊದಲು ದೊಡ್ಡ ರಸ್ತೆ, ಕೊನೆಗೆ ಕಾಲುದಾರಿ ಎಂಬ ಕ್ರಮದಿಂದ ಜಾರಿ ಬೀಳುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು; ಹೆಚ್ಚು ನಡೆಯುವವರೂ ಅವರೇ. ಕ್ರಮವನ್ನು ತಿರುವು ಮುರುವು ಮಾಡಿದರು. ಷಿಕಾಗೊದಲ್ಲೂ ಅಂಗವಿಕಲರ ಹಕ್ಕಿಗಾಗಿ ದುಡಿಯುವವರು ಹಟ ಹಿಡಿದು, 2023ರ ಜುಲೈನಲ್ಲಿ ನಗರಸಭೆ ಫುಟ್‌ಪಾತನ್ನೂ ಸಿಟಿಯೇ ಸ್ವಚ್ಛ ಮಾಡುವ ಪ್ರಯೋಗದ ಯೋಜನೆಗಾಗಿ ಒಂದು ಕಾರ್ಯತಂಡ ಮಾಡಿತು. ಅದರ ಪರ ಸಹಿ ಸಂಗ್ರಹಕ್ಕೆ ಬಂದ ಹುಡುಗಿಗೆ ನಾನು ಸಹಿ ಹಾಕಿದೆ. ಹಾಕುವಾಗ ಕೈ ಒಂದು ಕ್ಷಣ ತಡೆದದ್ದು ನಿಜ. ಸಿಟಿಯ ಯಂತ್ರ ಬಂದರೆ ನನ್ನ ಶನಿವಾರ ಹೋಯಿತು. ಆಮೇಲೆ ಅನ್ನಿಸಿತು, ನನ್ನ ನಿಷ್ಕಾಮ ಕರ್ಮ ಸಾಂಗವಾಗಿ ನಡೆಯಲಿ ಎಂದು ಆ ಹುಡುಗ ಕಾರುಗಳ ನಡುವೆ ಹೋಗುತ್ತಿರಬೇಕೇ? ದಾನ ಮಾಡುವವರ ಪುಣ್ಯಕ್ಕಾಗಿ ಬಡವರು ಇರಲಿ ಎಂದ ಹಾಗಾಯಿತು.

ಈಗ ನನ್ನದೇ ಒಂದು ತಪ್ಪಿನ ಕತೆ ಹೇಳಬೇಕು. ಮೂರು ವರ್ಷದ ಹಿಂದೆ, ತೆಗೆದ ಹಿಮವನ್ನು ಬೇಲಿಯ ಪಕ್ಕ ಎದೆಯೆತ್ತರ ಒಟ್ಟಿದ್ದೆ. ಅಚ್ಚುಕಟ್ಟಾಗಿದೆ ಎಂದು ಹೆಮ್ಮೆಯೂ ಪಟ್ಟಿದ್ದೆ. ಮಧ್ಯಾಹ್ನ ಬಿಸಿಲಿಗೆ ಗುಡ್ಡೆಯ ಬುಡ ಕರಗಿ, ನೀರು ತೆಳ್ಳಗೆ ಫುಟ್‌ಪಾತಿಗೆ ಹರಿದು, ಸಂಜೆಯ ಚಳಿಗೆ ಕಾಣದ ಗಾಜಾಯಿತು. ಉಪ್ಪು ಹಾಕಬೇಕಿತ್ತು. ಒಂದು ಕಾಫಿ ಮಗ್ಗಿನಷ್ಟು ಸಾಕು ಹತ್ತು ಚಪ್ಪಡಿಗೆ. ಹೆಚ್ಚು ಹಾಕಿದರೆ ಕರಗಿ ನದಿ ಸೇರಿ ಮೀನು ಸಾಯುತ್ತವೆ. ಆದರೆ ಉಪ್ಪು ಚೆಲ್ಲಬಾರದು, ಅದು ಲಕ್ಷ್ಮಿ ಎಂದು ಕಲಿತ ಕೈ, ಬೀದಿಗೆ ಉಪ್ಪು ಚೆಲ್ಲುವುದಕ್ಕೆ ಈಗಲೂ ಹಿಂಜರಿಯುತ್ತದೆ. ಅವತ್ತು ಹಾಕಲಿಲ್ಲ. ಅಂಚೆ ಹಂಚುವ ಹೆಂಗಸು ಬಂದಳು. ಧಡ್ ಎಂಬ ಸದ್ದು ನನಗೆ ಒಳಗೆ ಕೇಳಿಸಿತು. ನಾನು ಬಾಗಿಲು ತೆರೆಯುವಷ್ಟರಲ್ಲಿ ಎದ್ದು, ಚದುರಿದ ಕಾಗದ ಆಯ್ದು, ನಮ್ಮದನ್ನು ನನ್ನ ಕೈಗೆ ಕೊಟ್ಟು, “ಪರವಾಗಿಲ್ಲ ಹನಿ” ಅಂದು ಹೋದಳು. ಫೆಬ್ರವರಿ ಪೂರ್ತಿ ಕುಂಟುತ್ತಾ ನಡೆದಳು.

ಹೆದರಿ ವಕೀಲಿಕೆ ಮಾಡುವ ಸೋದರಳಿಯನಿಗೆ ಫೋನ್ ಮಾಡಿದೆ. ಅವನು ಹೇಳಿದ ಕಾನೂನು ನಮ್ಮಜ್ಜನ ಜಗಲಿಯಲ್ಲಿ ಇರಬೇಕಾದದ್ದು. ನಮ್ಮ ಇಲಿನಾಯ್ ರಾಜ್ಯದ ನ್ಯಾಯಾಲಯಗಳು ಹಿಮದಲ್ಲಿ ಎರಡು ಜಾತಿ ಮಾಡಿವೆ: ತಾನಾಗಿ ಬಿದ್ದದ್ದು, ಮನುಷ್ಯ ಒಟ್ಟಿದ್ದು. ತಾನಾಗಿ ಬಿದ್ದ ಹಿಮದಲ್ಲಿ ಯಾರಾದರೂ ಬಿದ್ದರೆ ಮನೆಯವರ ಮೇಲೆ ಪರಿಹಾರದ ಹೊಣೆ ಇಲ್ಲ. ಒಟ್ಟಿದ್ದು ಕರಗಿ ಹೆಪ್ಪುಗಟ್ಟಿ, ಅದರ ಮೇಲೆ ಯಾರಾದರೂ ಬಿದ್ದರೆ ಹೊಣೆ ಬರಬಹುದಿತ್ತು. ಅಂದರೆ ಏನೂ ಮಾಡದವನು ಸುರಕ್ಷಿತ, ಮಾಡಲು ಹೋಗಿ ಎಡವಿದವನು ಅಪರಾಧಿ. ಹೀಗಾದರೆ ಯಾರೂ ಸಲಿಕೆ ಮುಟ್ಟುವುದಿಲ್ಲ ಎಂದು 1979ರಲ್ಲೇ, ಆ ಮಹಾಹಿಮದ ವರ್ಷವೇ, ಶಾಸನ ಮಾಡಿ ಮನೆಯ ಮುಂದಿನ ಹಿಮ ತೆಗೆಯುವವರಿಗೆ ರಕ್ಷಣೆ ಕೊಟ್ಟರು. ಬೇಕೆಂದೇ ಮಾಡದಿದ್ದರೆ ಸಾಕು. “ನಿಂಗೇನೂ ಆಗ್ತಿಲ್ಲೆ ಅತ್ತೆ” ಅಂದ.

ಅಜ್ಜ ಹೇಳುತ್ತಿದ್ದ: ನಾನು ಮಾಡಿದೆ ಅನ್ನಬೇಡ, ಆಯಿತು ಅನ್ನು. ಕರ್ತೃತ್ವ ಬಿಡಲು ಅವನು ಕಂಡುಕೊಂಡ ವ್ಯಾಕರಣ. ಊಟ ಮಾಡಿದೆ ಅಲ್ಲ, ಊಟ ಆಯಿತು. ಪೂಜೆ ಆಯಿತು. ಕಾನೂನಿನ ಹಿಮದಲ್ಲೂ ಅದೇ ಎರಡು ಕ್ರಿಯಾಪದ, ‘ಆದದ್ದು’ ಮತ್ತು ‘ಮಾಡಿದ್ದು’. ಅಂಚೆಯ ಹೆಂಗಸು ಬಿದ್ದದ್ದನ್ನು ಅಜ್ಜನ ವ್ಯಾಕರಣದಲ್ಲಿ ಹೇಳಲು ನಾನು ಬಹಳ ಪ್ರಯತ್ನಪಟ್ಟೆ. ಬಾಯಿ ತಿರುಗಲಿಲ್ಲ. ಮಾಡಿದ್ದರ ಪುಣ್ಯವನ್ನು ‘ಆಯಿತು’ ಎಂದು ಬಿಟ್ಟುಕೊಡುವುದು ವೈರಾಗ್ಯ ಇರಬಹುದು. ಮಾಡಿದ್ದರ ಪೆಟ್ಟನ್ನು ಹಾಗೆ ಅಂದರೆ ಜಾರಿಕೊಂಡ ಹಾಗೆ. ಕಾನೂನು ನನ್ನನ್ನು ಬಿಟ್ಟಿತು, ಆಕೆಯೂ ಬಿಟ್ಟಳು. ಆ ಧಡ್ ಎಂಬ ಸದ್ದು ಬಿಟ್ಟಿಲ್ಲ.

ಇದನ್ನು ಮೇಷ್ಟರಿಗೆ ಹೇಳಿದಾಗ ಅವರು ತಮ್ಮ ತಾಲ್ಮುದ್ದಿನ ಒಂದು ಕತೆ ಹೇಳಿದರು. ಬೀದಿಯಲ್ಲಿ ಹಳ್ಳ ತೋಡಿದವನು, ಕಲ್ಲು ಬಿಟ್ಟವನು, ಇಂಥವರ ಹೊಣೆಗೆಂದೇ ಬಾವಾ ಕಮಾ ಎಂಬ ಒಂದು ಇಡೀ ಭಾಗ ಇದೆಯಂತೆ. ಒಬ್ಬ ತನ್ನ ಹೊಲದ ಕಲ್ಲುಗಳನ್ನು ಆಯ್ದು ಆಯ್ದು ಸಾರ್ವಜನಿಕ ದಾರಿಗೆ ಎಸೆಯುತ್ತಿದ್ದ. ಒಬ್ಬ ಸಾಧು ದಾರಿಯಲ್ಲಿ ಹೋಗುತ್ತಾ, ನಿನ್ನದಲ್ಲದ ಜಾಗದಿಂದ ನಿನ್ನ ಜಾಗಕ್ಕೆ ಯಾಕಯ್ಯಾ ಕಲ್ಲು ಎಸೆಯುತ್ತೀ ಎಂದು ಕೇಳಿದ. ಇವನಿಗೆ ತಲೆ ಕೆಟ್ಟಿದೆ ಎಂದು ಹೊಲದವನು ನಕ್ಕ. ಕಾಲ ಉರುಳಿ ಹೊಲ ಮಾರಿದ. ಒಂದು ದಿನ ಅದೇ ದಾರಿಯಲ್ಲಿ ನಡೆದು ಹೋಗುವಾಗ ತನ್ನದೇ ಕಲ್ಲಿಗೆ ಎಡವಿದ.

ಕತೆ ಹೇಳಿದ ಮೇಲೆ ಮೇಷ್ಟರು ಬೀದಿಯ ಕೊನೆಯ ವಿದ್ಯುತ್ ಕಂಬದ ಕಡೆ ಕೈ ತೋರಿಸಿದರು. ಕಂಬದಿಂದ ಕಂಬಕ್ಕೆ ಒಂದು ತೆಳು ತಂತಿ. ನಾನು ಅದನ್ನು ಕೇಬಲ್ ಅಂದುಕೊಂಡಿದ್ದೆ. ಬಡಾವಣೆಯ ಸುತ್ತ ಎಳೆದ ಆ ಗಡಿಗೆ ಏರೂವ್ ಅನ್ನುತ್ತಾರೆ. ಸಬ್ಬತ್ತಿನ ದಿನ ಮನೆಯಿಂದ ಬೀದಿಗೆ ಏನನ್ನೂ ಹೊತ್ತು ತರಬಾರದು. ಆದರೆ ಆ ತಂತಿಯೊಳಗಿನದೆಲ್ಲ ಒಂದೇ ಮನೆಯ ಅಂಗಳ ಎಂದು ಭಾವಿಸಿಕೊಂಡಿರುವುದರಿಂದ ತಾಯಂದಿರು ಮಕ್ಕಳ ಗಾಡಿ ತಳ್ಳಿಕೊಂಡು ಬರಬಹುದು. ಏರೂವ್ ಅಂದರೆ ಬೆರಕೆ, ಅಂಗಳಗಳ ಬೆರಕೆ. ನನ್ನ ಅಡಿಗೆಮನೆ, ದೇವರ ಗೂಡು, ನಮ್ಮವರ ಸಂದು ಎಲ್ಲವೂ ಎಷ್ಟೋ ವರ್ಷ ಇವರ ಅಂಗಳದೊಳಗೇ ಇತ್ತು, ನನಗೆ ತಿಳಿಯದೆ.

ಕಳೆದ ವರ್ಷ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು, ಸಲಿಕೆ ಮುಟ್ಟಿದರೆ ನೋಡಿ ಎಂದು ಬೆರಳು ಅಲ್ಲಾಡಿಸಿದ್ದಾರೆ. ಮಗ ಡಲ್ಲಾಸಿಗೆ ಬಾ ಅನ್ನುತ್ತಾನೆ. ಅಲ್ಲಿ ಹಿಮ ಅಪರೂಪ. ಆದ್ದರಿಂದ ಮನೆ ಮಾರಾಟ.

ಹೋದ ಭಾನುವಾರ ಒಂದು ಎಳೆಯ ಜೋಡಿ ನೋಡಲು ಬಂದಿತ್ತು. ಹೈದರಾಬಾದಿನ ಹುಡುಗಿ, ಇಲ್ಲಿಯ ಹುಡುಗ. ಅವರಿಗೆ ಬಾಯ್ಲರ್ ತೋರಿಸಿದೆ, ಸೋರುವ ಕಿಟಕಿಯನ್ನು ಪ್ರಾಮಾಣಿಕವಾಗಿ ತೋರಿಸಿದೆ. ಹಿಂಬಾಗಿಲ ಬಳಿ ಮೊಳೆಗೆ ತೂಗುಹಾಕಿದ್ದ ಸಲಿಕೆಯ ಮುಂದೆ ನಿಂತಾಗ ಶನಿವಾರದ ವಿಷಯ ನಾಲಿಗೆ ತುದಿಗೆ ಬಂತು. ಪಕ್ಕದ ಮನೆಯವರು ಇಂಥವರು, ಶನಿವಾರ ಅವರು ತೆಗೆಯುವಂತಿಲ್ಲ, ಕೇಳುವಂತೆಯೂ ಇಲ್ಲ, ನೀವು ಸ್ವಲ್ಪ... ಎಂದು ಶುರು ಮಾಡುವವಳಿದ್ದೆ. ಹೇಳಿಬಿಟ್ಟರೆ ಆ ಮಕ್ಕಳು ಮಾಡುತ್ತಿದ್ದರೇನೋ. ಆದರೆ ಆಮೇಲೆ ಅವರು ಮಾಡುವುದು ಮೇಷ್ಟರಿಗಾಗಿ ಆಗುತ್ತಿತ್ತು.

“ಈ ಸಲಿಕೆ ಇಲ್ಲೇ ಬಿಟ್ಟು ಹೋಗುತ್ತೇನೆ” ಅಂದೆ. “ಹಿಮ ಜಾಸ್ತಿ ಬಿದ್ದಾಗ ಗೆರೆ ಕಾಣುವುದಿಲ್ಲ.”